ಬಿಲದ ಜೇಡಕ್ಕೆ ಯಾವ ಮಣ್ಣು ಬೇಕು?

ಗೆಳೆಯ ಗೆಳತಿಯರೇ, ನೀವು ಈ ಗೋಡೆ ಪತ್ರಿಕೆಯಲ್ಲಿ ಕುರಿಮರಿ, ಬೆಕ್ಕು, ಹೋರಿಗರ ಸಾಕಿದ್ದನ್ನು ಬರೆದಿದ್ದೀರಿ. ನಾನು ಎಂಟು ತಿಂಗಳು ಒಂದು ದೊಡ್ಡ ಜೇಡವನ್ನು ಇಟ್ಟುಕೊಂಡಿದ್ದೆ. ಅದು ಜಂತಿ ಮೂಲೆಯಲ್ಲಿ ಬಲೆ ಕಟ್ಟುವ ಜೇಡ ಅಲ್ಲ. ನೆಲದಾಗ ಬಿಲ ತೋಡಿಕೊಂಡು ಇರುವ, ಮೈತುಂಬ ಕೂದಲಿನ, ತರಾಂತುಲ ಎಂಬ ಕುಲದ ಜೇಡ. ಅದಕ್ಕೆ ಮನೆ ಮಾಡಿಕೊಡುವಾಗ ನಾನು ಎರಡು ದೊಡ್ಡ ತಪ್ಪು ಮಾಡಿದೆ. ಒಂದು ಮಣ್ಣಿನ ತಪ್ಪು, ಇನ್ನೊಂದು ಅವಸರದ ತಪ್ಪು. ಎರಡನೆಯದನ್ನು ಬರೆಯುವ ಮನಸ್ಸು ನನಗಿರಲಿಲ್ಲ. ಆದರೆ ನಮ್ಮ ವಿಜ್ಞಾನದ ಸರ್, "ತಪ್ಪು ಮುಚ್ಚಿಟ್ಟು ಬರದ್ರ ಅದು ಪಾಠ ಆಗಂಗಿಲ್ಲೋ" ಅಂದರು. ಅದಕ್ಕ ಬರೆದೀನಿ.

ಹೋದ ದಸರಾ ಸೂಟಿಯಲ್ಲಿ ನಾನು ಕಲಘಟಗಿ ತಾಲೂಕಿನಲ್ಲಿರುವ ನಮ್ಮ ಸ್ವಾದರಮಾವನ ಊರಿಗೆ ಹೋಗಿದ್ದೆ. ಅಲ್ಲಿ ನಮ್ಮ ತಿರ್ಲಾಪುರದಂತೆ ಕಣ್ಣು ಹಾಯುವತನಕ ಎರಿ ಹೊಲ ಇಲ್ಲ. ಮಸಾರಿ ಮಣ್ಣು, ದಿಬ್ಬ, ಗಿಡಗಂಟಿ. ಹೊಲದಾಗ ಕೃಷಿ ಹೊಂಡ ತೆಗೆಸುತ್ತಿದ್ದರು. ಜೆಸಿಬಿ ಹಳೆ ಒಡ್ಡನ್ನು ಕಿತ್ತಾಗ ಮಣ್ಣಿನ ಹೆಂಟೆಯ ಜೊತೆಗೆ ಈ ಜೇಡ ಹೊರಗೆ ಬಿತ್ತು. ಅಂಗೈಯಷ್ಟು ಅಗಲ, ಕಂದು ಬಣ್ಣ. ಮುಂದಿನ ಎರಡು ಕಾಲು ಎತ್ತಿ ನಿಂತುಬಿಟ್ಟಿತು. ಅಲ್ಲಿದ್ದವರು ಚಪ್ಪಲಿ ಕೈಗೆ ತಗೊಂಡರು. ನಾನು ಊಟದ ಸ್ಟೀಲ್ ಡಬ್ಬಿಯನ್ನು ಅದರ ಮ್ಯಾಲೆ ಬೋರಲು ಹಾಕಿ, ಕೆಳಗೆ ರಟ್ಟು ತೂರಿಸಿದೆ. ಮಾವ, "ಬಿಡಲೇ ತಮ್ಮಾ, ವಿಷದ ಹುಳ ಅದು. ನಿಮ್ಮವ್ವ ನನಗ ಬೈತಾಳ" ಅಂದ. ಅದರ ಮನೆಯಂತೂ ಹೋಗಿತ್ತು. ಸಾಯಿಸುತ್ತಾರೆಂದು ನಾನು ಡಬ್ಬಿ ಸಮೇತ ಊರಿಗೆ ತಂದೆ. ಈಗ ಅನಿಸುತ್ತದೆ, ಅವತ್ತೇ ನೂರು ಹೆಜ್ಜೆ ಆಚೆ ಇನ್ನೊಂದು ಒಡ್ಡಿನ ಬುಡದಲ್ಲಿ ಬಿಟ್ಟಿದ್ದರೆ ಸಾಕಿತ್ತು.

ಇದು ತರಾಂತುಲ ಕುಲದ್ದೇ ಎಂದು ಹೇಗೆ ತಿಳಿಯಿತು? ಸರ್ ಅದನ್ನು ಗಾಜಿನ ಬರಣಿಯಲ್ಲಿ ಹಾಕಿಸಿ ಕೆಳಗಿನಿಂದ ತೋರಿಸಿದರು. ಹೊಟ್ಟೆಯ ಅಡಿಯಲ್ಲಿ ನಾಲ್ಕು ಬೆಳ್ಳನೆಯ ಕಲೆ ಇದ್ದವು. ಅವು ಉಸಿರಾಡುವ ಅಂಗಗಳ ಗುರುತು. ಒಳಗೆ ಪುಸ್ತಕದ ಹಾಳೆಯಂತೆ ಪದರು ಪದರು ಇರುವುದರಿಂದ ಅವಕ್ಕೆ ಪುಸ್ತಕ ಶ್ವಾಸಕೋಶ ಎನ್ನುತ್ತಾರೆ. ಮನೆಯಲ್ಲಿ ಕಾಣುವ ಸಾಮಾನ್ಯ ಜೇಡಗಳಿಗೆ ಇವು ಒಂದೇ ಜೊತೆ, ಬಿಲದ ಜೇಡಕ್ಕೆ ಎರಡು ಜೊತೆ. ಇನ್ನೊಂದು ಗುರುತು ಹಲ್ಲು. ಸಾಮಾನ್ಯ ಜೇಡದ ವಿಷದ ಹಲ್ಲು ಇಕ್ಕಳದಂತೆ ಅಡ್ಡಡ್ಡ ಕೂಡುತ್ತವೆ. ಇದರವು ಗುದ್ದಲಿಯಂತೆ ಮೇಲಿನಿಂದ ಕೆಳಗೆ ಬರುತ್ತವೆ. ಬೇಟೆಗೂ ಅವೇ, ಮಣ್ಣು ಅಗೆಯಲಿಕ್ಕೂ ಅವೇ.

ಹೆಸರಿನ ವಿಷಯ ಸ್ವಲ್ಪ ಮಜಾ ಐತಿ. ಇಟಲಿ ದೇಶದಾಗ ತಾರಾಂತೊ ಎಂಬ ಊರಿದೆ. ಆ ಕಡೆ ಒಂದು ತೋಳ ಜೇಡ ಕಚ್ಚಿದರೆ ಕುಣಿದೇ ವಿಷ ಇಳಿಸಬೇಕೆಂದು ಜನ ನಂಬಿದ್ದರಂತೆ. ಆ ಊರಿನ ಹೆಸರು ಮೊದಲು ಆ ಜೇಡಕ್ಕೆ ಅಂಟಿತು, ಆಮ್ಯಾಲೆ ಬೇರೆ ದೇಶದ ಈ ದೊಡ್ಡ ಕೂದಲಿನ ಜೇಡಗಳಿಗೆಲ್ಲ ಅಂಟಿಕೊಂಡಿತು. ನಮ್ಮ ನಾಡಿನವಕ್ಕೂ ಅದೇ ಹೆಸರು ಬಂತು. ನಮ್ಮ ಪಕ್ಕದ ಉತ್ತರ ಕನ್ನಡದ ಬಿಲದ ಜೇಡಗಳನ್ನು 1899ರಲ್ಲಿ ಪೊಕಾಕ್ ಎಂಬ ಬ್ರಿಟಿಷ್ ವಿಜ್ಞಾನಿ ಥ್ರಿಗ್ಮೋಪಿಯಸ್ ಎಂದು ಹೆಸರಿಟ್ಟು ವರ್ಣಿಸಿದ. ಅವು ಪಶ್ಚಿಮ ಘಟ್ಟದ ಕಡೆಯ ಮಣ್ಣಿನ ದಿಬ್ಬಗಳಲ್ಲಿ ಬಿಲ ಮಾಡಿ, ಬಾಯಿಗೆ ನೂಲು ಹಾಸಿಕೊಂಡು ಇರುತ್ತವೆ.

ಈಗ ಮಣ್ಣಿನ ಮಾತಿಗೆ ಬರೋಣ.

ನನ್ನ ಹತ್ತಿರ ಮೊದಲಿಗೆ ಯಾವ ವಿಚಾರವೂ ಇರಲಿಲ್ಲ. ಜೇಡಕ್ಕೆ ಜೇಡಿಮಣ್ಣು ಅಂದುಕೊಂಡೆ! ನಮ್ಮ ಎರಿ ಮಣ್ಣಿಗಿಂತ ಚಲೋ ಮಣ್ಣು ಎಲ್ಲಿ ಐತಿ? ಜೋಳ, ಕಡ್ಲಿ, ಹತ್ತಿ, ಉಳ್ಳಾಗಡ್ಡಿ ಎಲ್ಲಾ ಬೆಳಿತದ. ಹಿತ್ತಲದಿಂದ ಎರಿ ಮಣ್ಣು ತಂದು ಒಂದು ಪ್ಲಾಸ್ಟಿಕ್ ಬಕೀಟಿನಲ್ಲಿ ನಾಲ್ಕು ಬೆರಳು ತುಂಬಿ, ನೀರು ಚಿಮುಕಿಸಿ, ಜೇಡವನ್ನು ಬಿಟ್ಟೆ. ಮೊದಲ ಮೂರು ದಿನ ಅದು ಬಕೀಟಿನ ಗೋಡೆ ಹತ್ತುವುದು, ಬೀಳುವುದು, ಹತ್ತುವುದು. ನಾನು ಅದು ಆಡಲಿಕ್ಕೆ ಹತ್ತೇತಿ ಎಂದು ಖುಷಿಪಟ್ಟೆ. ನಾಲ್ಕನೆಯ ದಿನ ಮೂಲೆಯಲ್ಲಿ ಅಗೆಯಿತು. ಕಾಲಿಗೆಲ್ಲ ಅಂಟು ಮಣ್ಣು ಮೆತ್ತಿಕೊಂಡು, ಬಸವನ ಹುಳದ ಹಾಂಗ ನಡೆಯತೊಡಗಿತು. ವಾರದೊಳಗೆ ಮಣ್ಣು ಒಣಗಿ ಕಲ್ಲಾಯಿತು. ಹೊಲದಾಗ ಬೇಸಿಗ್ಯಾಗ ಬಿಡ್ತದಲ್ಲ, ಹಾಂಗ ಬಿರುಕು ಬಿಟ್ಟಿತು. ಜೇಡ ಆ ಬಿರುಕಿನಲ್ಲಿ ಹೋಗಿ ಕೂತಿತ್ತು. ನಾನು ಅಯ್ಯೋ ಒಣಗೇತಿ ಎಂದು ಒಂದು ಚರಿಗಿ ನೀರು ಹಾಕಿಬಿಟ್ಟೆ. ಬಿರುಕು ಕೂಡಿಕೊಂಡವು, ಜೇಡ ಒಳಗೇ ಸಿಕ್ಕಿತು. ಚಮಚದಿಂದ ಬಿಡಿಸಿ ತೆಗೆಯುವಷ್ಟರಲ್ಲಿ ನನ್ನ ಕೈ ನಡುಗುತ್ತಿತ್ತು. ಜೇಡಕ್ಕೆ ಏನೂ ಆಗಿರಲಿಲ್ಲ, ಅದು ನನ್ನ ಪುಣ್ಯ.

ಹೀಗೇಕೆ ಆಗುತ್ತದೆ? ಎರಿ ಮಣ್ಣಿನಲ್ಲಿ ಬಹಳ ನುಣುಪಾದ ಜೇಡಿಯ ಕಣಗಳಿವೆ. ಆ ಕಣಗಳು ಹಾಳೆಯ ಮ್ಯಾಲೆ ಹಾಳೆ ಇಟ್ಟಂತೆ ಇರುತ್ತವೆ. ನೀರು ಬಂದರೆ ಹಾಳೆಗಳ ನಡುವೆ ಹೊಕ್ಕು ಮಣ್ಣು ಉಬ್ಬುತ್ತದೆ, ನೀರು ಹೋದರೆ ಕುಗ್ಗುತ್ತದೆ. ಕುಗ್ಗಿದಾಗ ಬಿರುಕು. ನಮ್ಮೂರಾಗ ಹೊಸ ಮನೆ ಕಟ್ಟಿದವರು ಗೋಡೆ ಸೀಳಿತು ಎಂದು ಗೋಳಾಡುವುದು ಇದಕ್ಕೇ. ಮನುಷ್ಯರ ಮನೆಯನ್ನೇ ಸೀಳುವ ಮಣ್ಣು ಜೇಡದ ಮನೆಯನ್ನು ಬಿಟ್ಟೀತೇ? ಹಾಗಂತ ಎರಿ ಭೂಮಿಯಲ್ಲಿ ಜೇಡವೇ ಇಲ್ಲವೆಂದಲ್ಲ. ನಮ್ಮ ಹೊಲದ ಬದುವಿನ ಮ್ಯಾಲೆ ತೋಳ ಜೇಡಗಳ ತೂತು ನೀವೂ ನೋಡೀರಿ. ಆದರೆ ಅದು ಆಳವಾದ ನೆಲ, ಬಕೀಟು ಅಲ್ಲ. ಬಕೀಟಿನ ನಾಲ್ಕು ಬೆರಳು ಮಣ್ಣು ಒಂದೇ ದಿನ ಒಣಗುತ್ತದೆ, ಒಂದೇ ಚರಿಗಿಗೆ ಕೆಸರಾಗುತ್ತದೆ.

ಸರ್ ಕೇಳಿದರು, "ನೀನು ಮಣ್ಣು ಆರಿಸಿದ್ಯೋ, ಸಿಕ್ಕದ್ದು ತುಂಬಿದ್ಯೋ?" ನಾನು ಸುಮ್ಮನೆ ನಿಂತೆ. ಆಗ ಅವರು ಒಂದು ಪ್ರಯೋಗ ಮಾಡಲು ಹೇಳಿದರು. ಜೇಡದ ಮ್ಯಾಲೆ ಪ್ರಯೋಗ ಬೇಡ, ಮಣ್ಣಿನ ಮ್ಯಾಲೆ ಮಾಡು ಎಂದರು.

ಪ್ರಯೋಗಕ್ಕೆ ಬೇಕಾದ ಸಾಮಾನು: ಅರ್ಧ ಕತ್ತರಿಸಿದ 4 ನೀರಿನ ಬಾಟ್ಲಿ, ಬೆರಳಿನಷ್ಟು ದಪ್ಪದ ಒಂದು ಕೋಲು, ಪಟ್ಟಿ. ಒಂದನೆಯ ಬಾಟ್ಲಿಗೆ ಎರಿ ಮಣ್ಣು. ಎರಡನೆಯದಕ್ಕೆ ಹಳ್ಳದ ಉಸುಕು. ಮೂರನೆಯದಕ್ಕೆ ಬರೇ ತೆಂಗಿನ ನಾರಿನ ಪುಡಿ. ಇದು ಹುಬ್ಬಳ್ಳಿಯ ನರ್ಸರಿಗಳಲ್ಲಿ ಇಟ್ಟಂಗಿಯಂತೆ ಒತ್ತಿದ್ದು ಸಿಗುತ್ತದೆ, ನೀರಾಗ ಹಾಕಿದರ ಅರಳಿನ ಹಾಂಗ ಹಿಗ್ಗುತ್ತದೆ. ನಾಲ್ಕನೆಯದಕ್ಕೆ ಮಾವನ ಊರಿನ ಮಸಾರಿ ಮಣ್ಣು 4 ಪಾಲು, ನಾರಿನ ಪುಡಿ 1 ಪಾಲು. ನಾಲ್ಕಕ್ಕೂ ನೀರು ಹದ ಮಾಡಿ, ಒತ್ತಿ ತುಂಬಿ, ಕೋಲಿನಿಂದ 10 ಸೆಂಟಿಮೀಟರ್ ಆಳದ ಓರೆ ತೂತು ಮಾಡಿದೆ. 8 ದಿನ ನೆರಳಿನಲ್ಲಿಟ್ಟು, ಐದನೆಯ ದಿನ ಎಲ್ಲದಕ್ಕೂ 2 ಚಮಚ ನೀರು ಹಾಕಿದೆ.

ಉಸುಕಿನ ತೂತು ಮೊದಲ ದಿನ ಚಂದ ನಿಂತಿತ್ತು. ಮೂರನೆಯ ದಿನ ಮ್ಯಾಲಿನ ಪದರು ಒಣಗಿತು, ಸರ್ರನೆ ಇಳಿದು ತೂತು ಮಾಯ. ಎರಿ ಮಣ್ಣಿನ ತೂತು ನಾಲ್ಕು ದಿನ ಗಟ್ಟಿಯಾಗೇ ಇತ್ತು. ಆದರೆ ಮಣ್ಣು ಬಾಟ್ಲಿಯ ಗೋಡೆ ಬಿಟ್ಟು ಸರಿದು, ತೂತಿನ ನಡುವೆ ಸೀಳು ಬಂತು. ನೀರು ಹಾಕಿದ ಮ್ಯಾಲೆ ಬಾಯಿ ಮುಚ್ಚಿತು. ನಾರಿನ ಪುಡಿಯ ತೂತು ಬೀಳಲಿಲ್ಲ, ಆದರೆ ಬಾಟ್ಲಿ ಒಮ್ಮೆ ಅಲ್ಲಾಡಿಸಿದ ಕೂಡಲೇ ಕುಸಿಯಿತು. ಅದು ಹಗುರ, ಮೆತ್ತಗೆ, ಭಾರ ತಡೆಯುವುದಿಲ್ಲ. ನೀರು ಮಾತ್ರ ಎಲ್ಲದಕ್ಕಿಂತ ಹೆಚ್ಚು ದಿನ ಹಿಡಿದಿಟ್ಟಿತ್ತು. ನಾಲ್ಕನೆಯ ಬಾಟ್ಲಿಯ ತೂತು ಎಂಟನೆಯ ದಿನವೂ 10 ಸೆಂಟಿಮೀಟರ್ ಇತ್ತು. ಅಲ್ಲಾಡಿಸಿದರೂ ಇತ್ತು. ಮಸಾರಿ ಮಣ್ಣಿನಲ್ಲಿ ಸ್ವಲ್ಪ ಜೇಡಿ, ಸ್ವಲ್ಪ ಉಸುಕು ಎರಡೂ ಕೂಡಿರುತ್ತವೆ. ಜೇಡಿ ಅಂಟಿಸುತ್ತದೆ, ಉಸುಕು ಅತಿಯಾಗಿ ಉಬ್ಬಲು ಬಿಡುವುದಿಲ್ಲ, ನಾರು ತೇವ ಹಿಡಿಯುತ್ತದೆ. ಅಂದ್ರ ಬಿಲದ ಜೇಡಕ್ಕೆ ಬೇಕಾದದ್ದು ಫಲವತ್ತಾದ ಮಣ್ಣಲ್ಲ, ತೂತು ನಿಲ್ಲುವ ಮಣ್ಣು.

ಹದ ನೋಡುವುದು ಹೀಗೆ. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಒತ್ತಬೇಕು. ಬೆರಳಿನ ಸಂದಿಯಿಂದ ನೀರು ಬರಬಾರದು. ಕೈ ಬಿಟ್ಟರೆ ಉಂಡಿ ಉಂಡಿಯಾಗೇ ಇರಬೇಕು. ಬೆರಳಿನಿಂದ ಚುಚ್ಚಿದರೆ ಉಂಡಿ ಒಡೆಯದೆ ಬೆರಳಿನ ಗುರುತು ಉಳಿಯಬೇಕು. ನಮ್ಮ ಆಯಿ ಇದನ್ನು ನೋಡಿ, "ತಂಬಿಟ್ಟಿನ ಹದ ಅನ್ನು" ಅಂದಳು. ಅದೇ ಸರಿಯಾದ ಮಾತು.

ಮಣ್ಣು ಎಲ್ಲಿಂದ ತರಬೇಕು ಎಂಬುದೂ ಮುಖ್ಯ. ಹತ್ತಿ, ಮೆಣಸಿನಕಾಯಿ ಹೊಲದ ಮಣ್ಣು ಬೇಡ, ಎಣ್ಣಿ ಹೊಡೆದಿರುತ್ತಾರೆ. ಕೀಟ ಕೊಲ್ಲುವ ಎಣ್ಣಿಗೆ ಜೇಡವೂ ಸಾಯುತ್ತದೆ. ಗೊಬ್ಬರ ಬೆರೆಸಿದ ಕುಂಡಲಿಯ ಮಣ್ಣೂ ಬೇಡ. ನಾನು ಉಳುಮೆ ಮಾಡದ ದಿಬ್ಬದ್ದು ತರಿಸಿದೆ, ಕಲ್ಲು ಬೇರು ಜರಡಿ ಹಿಡಿದು ತೆಗೆದೆ. ಚೂಪುಗಲ್ಲು ಜೇಡದ ಹೊಟ್ಟೆಗೆ ಅಪಾಯ. ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುತ್ತದೆ, ಎರಡು ಮೂರು ಸಲ ತೊಳೆದು ಹಿಂಡಬೇಕು. ಆಮ್ಯಾಲೆ ಇರುವಿ, ಸಣ್ಣ ಹುಳ ಸಾಯಲೆಂದು ಮಣ್ಣನ್ನು ಹುರಿಯಬೇಕು. ಇದಕ್ಕೆ ನಾನು ರೊಟ್ಟಿ ಹಂಚು ಬಳಸಿದೆ. ಅವ್ವ ಏನು ಅಂದಳೆಂಬುದನ್ನು ಗೋಡೆ ಪತ್ರಿಕೆಯಲ್ಲಿ ಬರೆಯಲಿಕ್ಕೆ ಬರುವುದಿಲ್ಲ. ನೀವು ಒಡಕು ಬೋಗುಣಿ ಬಳಸಿರಿ.

ಮನೆ ಎಷ್ಟು ದೊಡ್ಡದಿರಬೇಕು? ಎಲ್ಲಾ ತರಾಂತುಲಕ್ಕೂ ಒಂದೇ ತರದ ಮನೆ ಆಗುವುದಿಲ್ಲ. ಗಿಡದ ಪೊಟರೆಯಲ್ಲಿ ಇರುವ ಜಾತಿಗೆ ಎತ್ತರ ಬೇಕು, ಬಿಲದ ಜಾತಿಗೆ ಆಳ ಬೇಕು. ಗಿಡದ ಜಾತಿಯಲ್ಲಿ ಒಂದರ ಕಥೆ ನಮ್ಮ ರೈಲು ಮಾರ್ಗಕ್ಕೆ ಸಂಬಂಧಿಸಿದ್ದು. ಹುಬ್ಬಳ್ಳಿಯಿಂದ ಅಣ್ಣಿಗೇರಿ, ಗದಗ, ಬಳ್ಳಾರಿ ಮ್ಯಾಲೆ ಗುಂತಕಲ್ಲಿಗೆ ರೈಲು ಹೋಗುತ್ತದಲ್ಲ, ಅಲ್ಲಿಂದ ಸ್ವಲ್ಪ ಮುಂದೆ ಆಂಧ್ರದಲ್ಲಿ ಗುತ್ತಿ ಎಂಬ ಊರು. ಅಲ್ಲಿಯ ರೈಲ್ವೆ ಕಟ್ಟಿಗೆ ಅಡ್ಡೆಯಲ್ಲಿ ಸಿಕ್ಕ ಅಚ್ಚ ನೀಲಿ ಬಣ್ಣದ ಒಂದು ಜೇಡವನ್ನು ಅದೇ ಪೊಕಾಕ್ ಅದೇ 1899ರಲ್ಲಿ ವರ್ಣಿಸಿದ. ಆಮ್ಯಾಲೆ ನೂರು ವರ್ಷ ಅದರ ಸುದ್ದಿಯೇ ಇಲ್ಲ. 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರು ನಡುವಿನ ಕಾಡಿನಲ್ಲಿ ಮತ್ತೆ ಸಿಕ್ಕಿತು. ಗುತ್ತಿಗೆ ಅದು ಕಟ್ಟಿಗೆಯ ಜೊತೆ ರೈಲು ಹತ್ತಿ ಬಂದಿರಬೇಕು ಎನ್ನುತ್ತಾರೆ! ಬಣ್ಣ ಚಂದ ಇದ್ದದ್ದೇ ಅದಕ್ಕೆ ಮುಳುವಾಯಿತು. ಹೊರದೇಶಗಳಲ್ಲಿ ಅದನ್ನು ಸಾಕಲು ಕೊಳ್ಳುತ್ತಾರೆ. ಈಗ ಅದು ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳ ಪಟ್ಟಿಯಲ್ಲಿದೆ. ಅದರ ಕುಲದ ಜೇಡಗಳನ್ನೆಲ್ಲ ದೇಶದಿಂದ ದೇಶಕ್ಕೆ ಮಾರುವುದರ ಮ್ಯಾಲೆ 2019ರಲ್ಲಿ ಸೈಟೀಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ನಿಯಂತ್ರಣ ಬಂದಿದೆ. ನಾನು ಇದನ್ನೆಲ್ಲ ಬರೆದೆನೆಂದು ಯಾರೂ ಜೇಡ ಹಿಡಿಯಲು ಕಲಘಟಗಿಯ ಕಾಡಿಗೆ ಹೋಗಬ್ಯಾಡ್ರಿ.

ನನ್ನದು ಬಿಲದ ಜೇಡ. 20 ಲೀಟರಿನ ಒಡೆದ ನೀರಿನ ಕ್ಯಾನ್ ಸಿಕ್ಕಿತು. ಅದರ ಕುತ್ತಿಗೆ ಭಾಗ ಕೊಯ್ಸಿ, 16 ಇಂಚು ಎತ್ತರ ಉಳಿಸಿದೆ. ಜೇಡ ಕಾಲು ಚಾಚಿದರೆ ನಾಲ್ಕೂವರೆ ಇಂಚು. ಬಿಲದ ಜಾತಿಗೆ ಕಾಲಿನ ಅಗಲದ ಎರಡು ಮೂರು ಪಟ್ಟು ಆಳದ ಮಣ್ಣು ಬೇಕು. ಆದ್ದರಿಂದ 12 ಇಂಚು ಮಣ್ಣು, ಮ್ಯಾಲೆ 4 ಇಂಚು ಖಾಲಿ. ಖಾಲಿ ಜಾಗ ಯಾಕೆ ಇಷ್ಟೇ? ಇದು ನಾನು ಬಕೀಟಿನಲ್ಲಿ ತಿಳಿಯದೆ ಮಾಡಿದ ತಪ್ಪು. ಜೇಡಕ್ಕೆ ನಮ್ಮಂತೆ ಕಾಲು ಚಾಚುವ ಸ್ನಾಯು ಎಲ್ಲಾ ಕೀಲಿನಲ್ಲಿ ಇಲ್ಲ. ಮೈಯೊಳಗಿನ ದ್ರವದ ಒತ್ತಡದಿಂದ ಕಾಲು ಚಾಚುತ್ತದೆ, ಜೆಸಿಬಿಯ ಕೈ ಎಣ್ಣೆಯ ಒತ್ತಡದಿಂದ ಎದ್ದಂತೆ. ಹೊಟ್ಟೆಯ ಚರ್ಮ ಬಲು ತೆಳು. ಒಂದು ಅಡಿಯಿಂದ ಬಿದ್ದರೂ ಹೊಟ್ಟೆ ಒಡೆದು ದ್ರವ ಸೋರಿ ಸಾಯಬಹುದು. ಅದು ಬಕೀಟಿನ ಗೋಡೆ ಹತ್ತಿ ಬೀಳುತ್ತಿದ್ದದ್ದು ಆಟ ಅಲ್ಲ, ನೆಲ ಸರಿ ಇಲ್ಲವೆಂದು ಹೊರಗೆ ಹೋಗಲಿಕ್ಕೆ ಹಾದಿ ಹುಡುಕುತ್ತಿತ್ತು.

ಮಣ್ಣನ್ನು ಒಮ್ಮೆಲೆ ಸುರುವಬಾರದು. ಮೂರು ಇಂಚು ಹಾಕಿ ತಂಬಿಗಿಯ ತಳದಿಂದ ಒತ್ತುವುದು, ಮತ್ತೆ ಮೂರು ಇಂಚು, ಮತ್ತೆ ಒತ್ತುವುದು. ಮನೆಯೊಳಗ ನೆಲಗಟ್ಟು ಬಡಿದಾಂಗ. ಒತ್ತದಿದ್ದರೆ ಎಷ್ಟು ಆಳ ಇದ್ದರೂ ಪ್ರಯೋಜನ ಇಲ್ಲ, ಬಿಲ ಜೇಡದ ಮ್ಯಾಲೇ ಬೀಳುತ್ತದೆ. ಕೊನೆಗೆ ಲಟ್ಟಣಿಗಿಯ ಹಿಡಿಕೆಯಿಂದ ಒಂದು ಬದಿಯಲ್ಲಿ ಓರೆಯಾಗಿ ಮೂರು ಇಂಚು ತೂತು ಮಾಡಿಕೊಟ್ಟೆ. ಇದು ದಾರಿ ತೋರಿಸಲಿಕ್ಕೆ ಮಾತ್ರ. ಅದರ ಮ್ಯಾಲೆ ಒಂದು ಹೆಂಚಿನ ಚೂರು.

ಮುಚ್ಚಳಕ್ಕೆ ಸೊಳ್ಳೆ ಜಾಳಿಗಿ ಕಟ್ಟೋಣ ಎಂದಿದ್ದೆ. ಸರ್ ಬೇಡ ಎಂದರು. ಜೇಡದ ಕಾಲ ತುದಿಯ ಉಗುರು ಜಾಳಿಗಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಎಳೆದಾಡಿ ಕಾಲು ಕಳಕೊಳ್ಳುತ್ತದೆ. ಅದಕ್ಕ ಬಕೀಟಿನ ಮುಚ್ಚಳಕ್ಕೆ ಕಾಸಿದ ದಬ್ಬಣದಿಂದ ಒಳಗಿನಿಂದ ಹೊರಗೆ ತೂತು ಹಾಕಿದೆ. ಹೊರಗಿನಿಂದ ಹಾಕಿದರೆ ಚೂಪು ಅಂಚು ಒಳಗೆ ಬರುತ್ತದೆ. ಕ್ಯಾನಿನ ಪಕ್ಕದಲ್ಲಿ, ಮಣ್ಣಿನ ಮಟ್ಟದ ಮ್ಯಾಲೆ, ಒಂದು ಸಾಲು ತೂತು ಹಾಕಿದೆ, ಗಾಳಿ ಆಡಲೆಂದು. ಗಾಳಿ ಇಲ್ಲದ ತೇವದಲ್ಲಿ ಬೂಸು ಬರುತ್ತದೆ. ಮುಚ್ಚಳದ ಮ್ಯಾಲೆ ಕಲ್ಲು. ಕ್ಯಾನಿನ ಸುತ್ತ ಹಳೆ ಪೇಪರು ಸುತ್ತಿದೆ, ಅದಕ್ಕೆ ಬೆಳಕು ಬೇಡ.

ನೀರಿಗೆ ಶೀಷೆಯ ಮುಚ್ಚಳ ಇಟ್ಟೆ. ಮಣ್ಣಿಗೆ ನೀರು ಹಾಕುವುದು ಬಿಲದ ಎದುರು ಬದಿಯಲ್ಲಿ, ಗೋಡೆಯ ಗುಂಟ, ವಾರಕ್ಕೊಮ್ಮೆ ಅರ್ಧ ಲೋಟ. ಮ್ಯಾಲೆ ಒಣಗಿರಬೇಕು, ತಳದಾಗ ತಂಪಿರಬೇಕು. ಜೇಡ ತನಗೆ ಬೇಕಾದ ತೇವದ ಮಟ್ಟಕ್ಕೆ ತಾನೇ ಇಳಿದು ಹತ್ತಿ ಮಾಡುತ್ತದೆ. ನಮ್ಮ ಕಡೆ ಏಪ್ರಿಲ್ ಮೇ ತಿಂಗಳ ಬಿಸಿಲು ನಿಮಗೆ ಗೊತ್ತು. ಕ್ಯಾನ್ ಇಟ್ಟಿದ್ದು ಅಡಗಿ ಮನೆಯ ಹಿಂದಿನ ಕತ್ತಲ ಕೋಣೆಯಲ್ಲಿ, ಜೋಳದ ಚೀಲಗಳ ಪಕ್ಕ. ಕಾಳಿಗೆ ಇಡುವ ಔಷಧಿ ಗುಳಿಗಿಯನ್ನು ಅಲ್ಲಿಂದ ಮೊದಲು ತೆಗೆಸಿದೆ.

ಈ ಮನೆಯಲ್ಲಿ ಬಿಟ್ಟ ರಾತ್ರಿಯೇ ಅದು ಕೆಲಸ ಶುರು ಮಾಡಿತು. ಬೆಳಿಗ್ಗೆ ನೋಡಿದರೆ ತೂತಿನ ಮುಂದೆ ಕಡ್ಲಿಯಷ್ಟು ಗಾತ್ರದ ಮಣ್ಣಿನ ಉಂಡಿಗಳ ಗುಡ್ಡಿ. ಪ್ರತಿ ಉಂಡಿಗೂ ನೂಲು ಸುತ್ತಿ, ಬಾಯಿ ಹತ್ತಿರ ಹಿಡಿದು ತಂದು ಹಾಕುತ್ತಿತ್ತು. ಹನ್ನೊಂದು ದಿನದಲ್ಲಿ ಬಿಲ ತಳ ಮುಟ್ಟಿತು. ಗೋಡೆಯ ಗುಂಟ ತೋಡಿದ್ದರಿಂದ ಪೇಪರು ಸರಿಸಿದರೆ ನನಗೆ ಕಾಣುತ್ತಿತ್ತು. ಕೆಳಗೆ ತಿರುಗಲಿಕ್ಕೆ ಬರುವಷ್ಟು ಅಗಲದ ಒಂದು ಕೋಣೆ, ಮ್ಯಾಲೆ ಬಾಯಿಯ ಸುತ್ತ ಬಿಳಿ ನೂಲಿನ ಹಾಸು. ಆ ನೂಲು ಚಂದಕ್ಕಲ್ಲ. ಮಿಡತಿ ಕಾಲಿಟ್ಟರೆ ಅದರ ಅಲುಗು ಒಳಗಿನ ಜೇಡಕ್ಕೆ ತಿಳಿಯುತ್ತದೆ. ವಾರಕ್ಕೊಂದು ಮಿಡತಿ, ಇಲ್ಲದಿದ್ದರೆ ಜಿರಲಿ. ಅಷ್ಟೇ ಅದರ ಊಟ.

ಆಮ್ಯಾಲೆ ಒಂದು ತೊಂದರೆ ಬಂತು. ಗೆಳೆಯರು ಜೇಡ ನೋಡಲು ಬರತೊಡಗಿದರು. ಕಂಡದ್ದು ಒಂದು ತೂತು! "ಸುಳ್ಳ ಹೇಳ್ತಾನ, ಇಲಿ ಬಿಲ ಅದು" ಎಂದು ಒಬ್ಬ ಊರೆಲ್ಲ ಹೇಳಿದ. ಬಕೀಟಿನಲ್ಲಿದ್ದಾಗ ಎಲ್ಲರಿಗೂ ಕಾಣುತ್ತಿತ್ತು, ಎಲ್ಲರೂ ಮೆಚ್ಚುತ್ತಿದ್ದರು. ಆಗ ಅದಕ್ಕೆ ಮನೆ ಇರಲಿಲ್ಲ. ಮನೆ ಆದ ಮ್ಯಾಲೆ ಅದು ಕಾಣಲಿಲ್ಲ. ಕಾಣದಿರುವುದೇ ಮನೆ ಸರಿಯಾದದ್ದರ ಗುರುತು ಎಂದು ನಾನು ಎಲ್ಲರಿಗೂ ಹೇಳಿದೆ. ಆದರೆ ನನಗೇ ಅದು ಪೂರಾ ತಿಳಿದಿರಲಿಲ್ಲವೆಂದು ಮುಂದೆ ಗೊತ್ತಾಯಿತು.

ಫೆಬ್ರವರಿಯಲ್ಲಿ ಅದು ಊಟ ಬಿಟ್ಟಿತು. ಮಿಡತಿ ಬಾಯಲ್ಲೇ ಕುಣಿದಾಡಿದರೂ ಹಿಡಿಯಲಿಲ್ಲ. ಒಂದು ದಿನ ಬಿಲದ ಬಾಯಿಯನ್ನೇ ನೂಲು ಮಣ್ಣು ಸೇರಿಸಿ ಮುಚ್ಚಿಬಿಟ್ಟಿತು. ಕೆಳಗಿನ ಕೋಣೆಯ ಗೋಡೆಗೂ ಒಳಗಿನಿಂದ ನೂಲಿನ ಪರದೆ ಹಾಕಿತು, ಪೇಪರು ಸರಿಸಿದರೂ ಏನೂ ಕಾಣದು. ಹತ್ತು ದಿನ ಕಾದೆ. ಹದಿನೈದು ದಿನ ಕಾದೆ. ಸತ್ತು ಹೋಗೇತಿ ಎಂದು ರಾತ್ರಿ ನಿದ್ದಿ ಬರಲಿಲ್ಲ. ಸರ್ ತರಬೇತಿಗೆ ಹೋಗಿದ್ದರು, ಕೇಳಲು ಯಾರೂ ಇರಲಿಲ್ಲ. ಹತ್ತೊಂಬತ್ತನೆಯ ದಿನ ಚಮಚ ತಗೊಂಡು ಅಗೆದೆ.

ಜೇಡ ಅಂಗಾತ ಮಲಗಿತ್ತು, ಎಂಟೂ ಕಾಲು ಮ್ಯಾಲೆ. ಸತ್ತೇ ಹೋಯಿತೆಂದು ಕಸಬರಿಗಿ ಕಡ್ಡಿಯಿಂದ ಒಂದು ಕಾಲು ಹಿಡಿದು ಎಳೆದೆ. ಆಗ ಅದು ಅಲುಗಿತು. ನೋಡಿದರೆ ಅದು ಪೊರೆ ಬಿಡುತ್ತಿತ್ತು. ಹಳೆ ಚರ್ಮದಿಂದ ಹೊಸ ಕಾಲುಗಳು ಅರ್ಧ ಹೊರಗೆ ಬಂದಿದ್ದವು, ಹಸಿ ಮೈ, ಬೆಳ್ಳಗೆ ಮೆತ್ತಗೆ. ಹಲ್ಲು ಕೂಡ ಅಕ್ಕಿಯಂತೆ ಬಿಳಿ. ನಾನು ಎಳೆದ ಎಡಗಡೆಯ ಹಿಂದಿನ ಕಾಲು ಬುಡದಲ್ಲಿ ಕಿತ್ತು ಬಂತು. ನೀರಿನಂಥ ಒಂದು ಹನಿ ಬಂದು ನಿಂತಿತು. ಕ್ಯಾನಿಗೆ ಮುಚ್ಚಳ ಹಾಕಿ, ಹಿತ್ತಲಕ್ಕೆ ಹೋಗಿ ಅತ್ತೆ. ಅವ್ವ ಬಂದು, "ಹುಳ ಸತ್ತದ್ದಕ್ಕ ಅಳ್ತಿಯೇನಪಾ" ಅಂದಳು. ಸತ್ತಿಲ್ಲವ್ವಾ, ಅದಕ್ಕs ಅಳಾಕ ಹತ್ತೀನಿ ಅಂದೆ.

ಜೇಡ ಬೆಳೆಯಬೇಕಾದರೆ ಹಾವಿನಂತೆ ಪೊರೆ ಬಿಡಬೇಕು. ಅದರ ಎಲುಬು ಹೊರಗಿನ ಚರ್ಮವೇ, ಅದು ಹಿಗ್ಗುವುದಿಲ್ಲ. ಆದ್ದರಿಂದ ಹಳೆಯದನ್ನು ಬಿಟ್ಟು ಹೊಸದರಲ್ಲಿ ಬರಬೇಕು. ಆಗ ಬಹುಪಾಲು ತರಾಂತುಲಗಳು ಅಂಗಾತ ಮಲಗುತ್ತವೆ. ಸತ್ತ ಜೇಡ ಸಾಮಾನ್ಯವಾಗಿ ನೆಟ್ಟಗೇ ಇದ್ದು, ಒತ್ತಡ ಹೋದದ್ದರಿಂದ ಕಾಲುಗಳನ್ನು ಹೊಟ್ಟೆಯಡಿ ಮುದುಡಿಕೊಂಡಿರುತ್ತದೆ. ಈ ಒಂದು ವಾಕ್ಯ ನನಗೆ ಮೊದಲೇ ಗೊತ್ತಿದ್ದರೆ ಅದರ ಕಾಲು ಉಳಿಯುತ್ತಿತ್ತು. ಪೊರೆ ಬಿಡುವಾಗ ಊಟ ಬಿಡುವುದು, ಬಾಗಿಲು ಮುಚ್ಚುವುದು ಬಿಲದ ಜೇಡದ ರೂಢಿ. ಮೆತ್ತನೆಯ ಮೈ ಇರುವಾಗ ಒಂದು ಮಿಡತಿ ಕೂಡ ಅದನ್ನು ಕಡಿದು ಕೊಲ್ಲಬಲ್ಲದು. ಅದಕ್ಕೆ ಬಾಗಿಲು ಹಾಕಿಕೊಂಡಿತ್ತು. ನಾನು ಬಾಗಿಲು ಮುರಿದೆ.

ಜೇಡ ಬದುಕಿತು. ಕಾಲಿನ ಬುಡದಲ್ಲಿ ತಾನೇ ಹೆಪ್ಪು ಕಟ್ಟಿತು. ಒಂದು ವಾರಕ್ಕೆ ಹಲ್ಲು ಕಪ್ಪಾಯಿತು. ನಾನು ಹೊಸ ಮಣ್ಣು ತುಂಬಿ, ಮೊದಲಿನಂತೆ ಒತ್ತಿ, ತೂತು ಮಾಡಿ ಬಿಟ್ಟೆ. ಏಳು ಕಾಲಿನಿಂದ ಮತ್ತೆ ಅಗೆಯಿತು, ಈ ಸಲ ಹದಿನಾರು ದಿನ ಹಿಡಿಯಿತು. ಸರ್ ಬಂದ ಮ್ಯಾಲೆ ಹೇಳಿದರು, ಮುಂದಿನ ಪೊರೆಯಲ್ಲಿ ಅಲ್ಲಿ ಸಣ್ಣ ಕಾಲು ಮೂಡುತ್ತದೆ, ಅದರ ಮುಂದಿನದರಲ್ಲಿ ದೊಡ್ಡದಾಗುತ್ತದೆ ಎಂದು. ಬಯ್ಯಲಿಲ್ಲ. ಆದರೆ ಒಂದು ಸಂಗತಿ ಹೇಳಿದರು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬಾರ್ಬರಾ ಯಾರ್ಕ್ ಮೇನ್ ಎಂಬ ವಿಜ್ಞಾನಿ 1974ರಲ್ಲಿ ಬಿಲದ ಜೇಡಗಳಿಗೆ ನಂಬರ್ ಹಾಕಿ ಅಭ್ಯಾಸ ಮಾಡತೊಡಗಿದರು. ಅದರಲ್ಲಿ 16ನೇ ನಂಬರಿನ ಹೆಣ್ಣು ಜೇಡ 43 ವರ್ಷ ಬದುಕಿತು, ಅಷ್ಟೂ ವರ್ಷ ಒಂದೇ ಬಿಲದಲ್ಲಿ. ಅದು ತರಾಂತುಲ ಅಲ್ಲ, ಬಿಲಕ್ಕೆ ಬಾಗಿಲು ಮಾಡುವ ಅದರ ದೂರದ ಬಳಗ. 2016ರಲ್ಲಿ ಒಂದು ಕಣಜದ ಹುಳ ಅದನ್ನು ಕೊಂದಿದ್ದು ಗೊತ್ತಾಯಿತು, ಸುದ್ದಿ 2018ರಲ್ಲಿ ಪ್ರಕಟವಾಯಿತು. ನಮ್ಮ ಅಪ್ಪನ ವಯಸ್ಸು ಈಗ 43. ನಾನು ಲೆಕ್ಕ ಹಾಕಿದೆ, ಆ ಜೇಡಕ್ಕೆ 43 ವರ್ಷದಾಗ ಒಂದೇ ಮನೆ. ನನ್ನ ಜೇಡಕ್ಕೆ ಐದು ತಿಂಗಳಾಗ ಒಡ್ಡು, ಡಬ್ಬಿ, ಬರಣಿ, ಬಕೀಟು, ಕ್ಯಾನು, ಮತ್ತೆ ಕ್ಯಾನು.

ಜೂನಿನಲ್ಲಿ ಮಳೆ ಬಿದ್ದ ಮ್ಯಾಲೆ ಅದನ್ನು ಮಾವನ ಊರಿಗೆ ಒಯ್ದೆವು. ಅದು ಅಲ್ಲಿಯದೇ ಆದ್ದರಿಂದ ಅಲ್ಲಿಯೇ ಬಿಡಬೇಕು, ನಮ್ಮೂರ ಎರಿ ಹೊಲದಾಗ ಬಿಡಬಾರದು ಎಂದು ಸರ್ ಹೇಳಿದ್ದರು. ಹೊಂಡದಿಂದ ದೂರ, ಜೆಸಿಬಿ ಬಾರದ ಒಂದು ಹಳೆ ಒಡ್ಡು ಮಾವನೇ ತೋರಿಸಿದ. ಮಣ್ಣು ಹಿಡಿದು ಮುಷ್ಟಿ ಒತ್ತಿ ನೋಡಿದೆ, ಉಂಡಿ ನಿಂತಿತು. ಲಟ್ಟಣಿಗಿಯ ಹಿಡಿಕೆಯಿಂದ ಓರೆ ತೂತು ಮಾಡಿ, ಸಂಜಿ ಮುಂದ ಕ್ಯಾನು ಮೆಲ್ಲಗೆ ಒರಗಿಸಿದೆ. ಸ್ವಲ್ಪ ಹೊತ್ತು ಅದು ಬಾಯಲ್ಲೇ ನಿಂತಿತ್ತು. ಆಮ್ಯಾಲೆ ಏಳು ಕಾಲು ಎಳಕೊಂಡು ಒಳಗೆ ಹೋಯಿತು. ಮರುದಿನ ಬೆಳಿಗ್ಗೆ ನಾವು ಬಸ್ಸು ಹಿಡಿಯುವ ಮೊದಲು ನೋಡಿದಾಗ ತೂತಿನ ಮುಂದೆ ಕಡ್ಲಿಯಷ್ಟು ಗಾತ್ರದ ಆರೋ ಏಳೋ ಮಣ್ಣಿನ ಉಂಡಿ ಬಿದ್ದಿದ್ದವು.

ಎಂಟು ತಿಂಗಳಲ್ಲಿ ಒಮ್ಮೆಯೂ ನಾನು ಅದನ್ನು ಬರಿಗೈಯಿಂದ ಮುಟ್ಟಲಿಲ್ಲ. ನಮ್ಮ ದೇಶದ ತರಾಂತುಲಗಳಿಗೆ ಅಮೇರಿಕದವುಗಳಂತೆ ತುರಿಕೆ ಕೂದಲು ಉದುರಿಸಲು ಬರುವುದಿಲ್ಲ, ಅವು ಕಚ್ಚುತ್ತವೆ, ಕಚ್ಚಿದರೆ ಬಹಳ ನೋವಾಗುತ್ತದೆ. ನಿಮ್ಮ ಹೊಲದಾಗ ಇಂಥದ್ದು ಕಂಡರೆ ಹೊಡಿಯಬ್ಯಾಡ್ರಿ, ಹಿಡಿಯಬ್ಯಾಡ್ರಿ, ರಟ್ಟಿನಿಂದ ದೂಡಿ ಬದುವಿಗೆ ಬಿಡ್ರಿ.

ಪ್ರಯೋಗದ ನಾಲ್ಕು ಬಾಟ್ಲಿಗಳನ್ನು ಹೊಸದಾಗಿ ತುಂಬಿ ಈ ಪತ್ರಿಕೆಯ ಕೆಳಗಿನ ಕಿಟಕಿಯಲ್ಲಿ ಇಟ್ಟೀನಿ. ತೂತು ಮಾಡಿದ ತಾರೀಖು ಮ್ಯಾಲೆ ಬರೆದೀನಿ. ದಿನಾ ಪಟ್ಟಿಯಿಂದ ಅಳೆದು ಪಕ್ಕದ ಹಾಳೆಯಲ್ಲಿ ತುಂಬಿರಿ. ಬೆರಳು ಹಾಕಬ್ಯಾಡ್ರಿ.